ಸಪ್ತರ್ಷಿ ಮಂಡಲ: ಪುಸ್ತಕದ ಚಿತ್ರ ಮತ್ತು ನಮ್ಮ ಬಾನು

ಉತ್ತರದ ಆಕಾಶದಲ್ಲಿ ಏಳು ನಕ್ಷತ್ರಗಳ ಒಂದು ಗುಂಪು ಇದೆ, ಅದಕ್ಕೆ ಸಪ್ತರ್ಷಿ ಮಂಡಲ ಎಂದು ಹೆಸರು, ಅದರ ಎರಡು ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಮುಂದಕ್ಕೆ ಎಳೆದರೆ ಧ್ರುವ ನಕ್ಷತ್ರ ಸಿಗುತ್ತದೆ. ಇಷ್ಟನ್ನು ಮಾಧ್ಯಮಿಕ ಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳಿಯಾನು. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕವನ್ನೂ ಗಳಿಸಿಯಾನು. ಆದರೆ ಅದೇ ವಿದ್ಯಾರ್ಥಿಯನ್ನು ರಾತ್ರಿ ಅಂಗಳಕ್ಕೆ ಕರೆತಂದು 'ಎಲ್ಲಿದೆ, ತೋರಿಸು ನೋಡೋಣ' ಎಂದರೆ ಅವನು ತಬ್ಬಿಬ್ಬಾಗುತ್ತಾನೆ. ಪಾಠ ಹೇಳಿದ ಮೇಷ್ಟ್ರೂ ಎಷ್ಟೋ ಸಲ ತಬ್ಬಿಬ್ಬಾಗುತ್ತಾರೆ.

ಇದನ್ನು ಬೇರೆಯವರನ್ನು ಹೀಯಾಳಿಸಲು ಹೇಳುತ್ತಿಲ್ಲ. ನನ್ನದೇ ಅನುಭವ ಕೇಳಿ. ಬಹಳ ವರ್ಷಗಳ ಹಿಂದೆ, ಅಕ್ಟೋಬರ್ ಕೊನೆಯ ವಾರದಲ್ಲಿ, ಹಳ್ಳಿಯ ಶಾಲೆಯೊಂದರ ಮಕ್ಕಳಿಗೆ ನಕ್ಷತ್ರ ತೋರಿಸಲು ಹೋಗಿದ್ದೆ. ಮಳೆ ಹಿಂದೆ ಸರಿದು ಬಾನು ತೊಳೆದಿಟ್ಟಂತೆ ಇತ್ತು. ಎಂಟು ಗಂಟೆಗೆ ಎಲ್ಲರನ್ನೂ ಮೈದಾನದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ಪುಸ್ತಕದ ಚಿತ್ರವನ್ನು ಟಾರ್ಚ್ ಬೆಳಕಿನಲ್ಲಿ ತೋರಿಸಿ, ಸಪ್ತರ್ಷಿಗಳನ್ನು ಹುಡುಕತೊಡಗಿದೆವು. ಎಷ್ಟು ಹುಡುಕಿದರೂ ಸಿಗಲಿಲ್ಲ. ಮಕ್ಕಳ ಎದುರು ಸೋಲೊಪ್ಪಲು ಮನಸ್ಸಾಗದೆ, 'ಇರಲಿ, ಧ್ರುವ ನಕ್ಷತ್ರವನ್ನಾದರೂ ನೋಡಿ' ಎಂದು ವಾಯವ್ಯದ ಕಡೆ ಥಳಥಳಿಸುತ್ತಿದ್ದ ಒಂದು ಬಿಳಿಯ ನಕ್ಷತ್ರವನ್ನು ತೋರಿಸಿಬಿಟ್ಟೆ. ಉತ್ತರದ ಕಡೆ ಅಷ್ಟು ಪ್ರಕಾಶಮಾನವಾದದ್ದು ಇನ್ನೊಂದಿರಲಿಲ್ಲ. ಒಂದು ಗಂಟೆಯ ಮೇಲೆ, ಮನೆಗೆ ಹೊರಡುವ ಹೊತ್ತಿಗೆ, ಏಳನೆಯ ತರಗತಿಯ ಒಬ್ಬ ಹುಡುಗಿ ಬಂದು, 'ಸಾರ್, ನಿಮ್ಮ ಧ್ರುವ ತೆಂಗಿನ ಮರದ ಹಿಂದೆ ಹೋಗಿಬಿಟ್ಟ' ಎಂದಳು. ಆಗ ಅದು ಮರದ ತುದಿಗಿಂತ ಮೇಲಿತ್ತು, ಈಗ ಗರಿಗಳ ನಡುವೆ ಇಳಿದಿತ್ತು. ಧ್ರುವ ಕದಲುವುದಿಲ್ಲ ಎಂದು ಸಂಜೆಯಷ್ಟೇ ನಾನೇ ಅವರಿಗೆ ಹೇಳಿದ್ದೆ! ನಾನು ತೋರಿಸಿದ್ದು ಅಭಿಜಿತ್ ನಕ್ಷತ್ರವನ್ನು.

ಅಂದು ನಡೆದ ತಪ್ಪುಗಳು ಎರಡು. ಸಪ್ತರ್ಷಿ ಮಂಡಲ ಆ ಹೊತ್ತಿನಲ್ಲಿ ದಿಗಂತದ ಕೆಳಗಿತ್ತು, ಅಲ್ಲಿ ಇಲ್ಲದ್ದನ್ನು ನಾವು ಹುಡುಕುತ್ತಿದ್ದೆವು. ಇನ್ನು ಧ್ರುವ ನಕ್ಷತ್ರ ಎಲ್ಲಕ್ಕಿಂತ ಪ್ರಕಾಶಮಾನವಾಗಿರಬೇಕೆಂಬುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಇವೆರಡೂ ತಪ್ಪು ತಿಳಿವಳಿಕೆಗಳು ಇಂದಿಗೂ ಶಾಲೆಗಳಲ್ಲಿ ಓಡಾಡುತ್ತಿವೆ. ಆದ್ದರಿಂದ ಈ ಏಳು ನಕ್ಷತ್ರಗಳನ್ನು ನಮ್ಮ ನೆಲದಿಂದ, ನಮ್ಮ ಅಕ್ಷಾಂಶದಿಂದ ಹೇಗೆ ಗುರುತಿಸಬೇಕು ಎಂಬುದನ್ನು ವಿವರವಾಗಿಯೇ ನೋಡೋಣ.

ಲಂಡನ್ನಿನ ಚಿತ್ರ, ಬೆಂಗಳೂರಿನ ಬಾನು

ಹೆಚ್ಚಿನ ಪುಸ್ತಕಗಳಲ್ಲಿ ಸಪ್ತರ್ಷಿ ಮಂಡಲದ ಚಿತ್ರ ಹೇಗಿರುತ್ತದೆ? ಸಾರಿನ ಸೌಟೊಂದನ್ನು ಮೇಜಿನ ಮೇಲೆ ಇಟ್ಟಂತೆ. ನಾಲ್ಕು ನಕ್ಷತ್ರಗಳ ಬಟ್ಟಲು ಬಲಕ್ಕೆ, ಬಾಯಿ ಮೇಲಕ್ಕೆ. ಮೂರು ನಕ್ಷತ್ರಗಳ ಬಾಗಿದ ಹಿಡಿ ಎಡಕ್ಕೆ. ಅಮೆರಿಕದವರು ಇದನ್ನು 'ದೊಡ್ಡ ಸೌಟು' ಎಂದೇ ಕರೆಯುತ್ತಾರೆ, ಇಂಗ್ಲೆಂಡಿನವರಿಗೆ ಇದು 'ನೇಗಿಲು'. ಇಂಗ್ಲೆಂಡಿನಲ್ಲಿ ನವೆಂಬರ್ ತಿಂಗಳ ರಾತ್ರಿ ಒಂಬತ್ತಕ್ಕೆ ಹೊರಗೆ ಬಂದು ಉತ್ತರಕ್ಕೆ ನೋಡಿದರೆ ಸೌಟು ನಿಜವಾಗಿಯೂ ಹಾಗೆಯೇ, ದಿಗಂತದಿಂದ ಸ್ವಲ್ಪ ಮೇಲೆ, ಬಾಯಿ ಮೇಲಾಗಿ ಮಲಗಿರುತ್ತದೆ. ಅಲ್ಲಿಯ ಚಿತ್ರ ಅಲ್ಲಿಗೆ ಸರಿ. ಅದನ್ನು ಹಾಗೆಯೇ ತಂದು ನಮ್ಮ ಮಕ್ಕಳ ಕೈಗೆ ಕೊಟ್ಟರೆ ಮಾತ್ರ ಎಡವಟ್ಟು. ಏಕೆಂದರೆ ಆ ಭಂಗಿಯಲ್ಲಿ ಸಪ್ತರ್ಷಿ ಮಂಡಲ ಕರ್ನಾಟಕದ ಯಾವ ಊರಿಗೂ ಎಂದೂ ಕಾಣಿಸುವುದಿಲ್ಲ!

ಕಾರಣ ಸರಳವಾದದ್ದು. ಭೂಮಿಯ ಅಕ್ಷವನ್ನು ಉತ್ತರಕ್ಕೆ ಬೆಳೆಸಿದರೆ ಅದು ಖಗೋಳವನ್ನು ಒಂದು ಬಿಂದುವಿನಲ್ಲಿ ಸಂಧಿಸುತ್ತದೆ. ಆಕಾಶದ ಎಲ್ಲ ನಕ್ಷತ್ರಗಳೂ ಈ ಧ್ರುವಬಿಂದುವಿನ ಸುತ್ತ ದಿನಕ್ಕೊಮ್ಮೆ ಸುತ್ತು ಬರುವಂತೆ ತೋರುತ್ತವೆ. ದಿಗಂತದಿಂದ ಈ ಬಿಂದು ಎಷ್ಟು ಡಿಗ್ರಿ ಮೇಲಿದೆಯೋ ಅದೇ ನಿಮ್ಮ ಊರಿನ ಅಕ್ಷಾಂಶ. ಲಂಡನ್ನಿಗೆ 51.5 ಡಿಗ್ರಿ, ಬೆಂಗಳೂರಿಗೆ 13 ಡಿಗ್ರಿ. ಧ್ರುವಬಿಂದುವಿನಿಂದ 13 ಡಿಗ್ರಿಗಿಂತ ಕಡಿಮೆ ದೂರದಲ್ಲಿರುವ ನಕ್ಷತ್ರ ತನ್ನ ಸುತ್ತಿನ ತಳದಲ್ಲಿಯೂ ಬೆಂಗಳೂರಿನ ದಿಗಂತವನ್ನು ಮುಟ್ಟದು, ಆದ್ದರಿಂದ ಮುಳುಗದು. ಅದಕ್ಕಿಂತ ದೂರದ್ದು ಮುಳುಗಲೇಬೇಕು. ಸಪ್ತರ್ಷಿಗಳಲ್ಲಿ ಧ್ರುವಬಿಂದುವಿಗೆ ಅತಿ ಹತ್ತಿರದ ಕ್ರತು 28 ಡಿಗ್ರಿ ದೂರದಲ್ಲಿದೆ, ಅತಿ ದೂರದ ಮರೀಚಿ ಸುಮಾರು 41 ಡಿಗ್ರಿ. ಲಂಡನ್ನಿನ 51.5 ಡಿಗ್ರಿಯ ವೃತ್ತದೊಳಗೆ ಏಳೂ ಬೀಳುತ್ತವೆ, ಅಲ್ಲಿಯವರಿಗೆ ಅವು ವರ್ಷವಿಡೀ ಪ್ರತಿ ರಾತ್ರಿಯೂ ಕಾಣುತ್ತವೆ. ನಮ್ಮ 13 ಡಿಗ್ರಿಯ ಪುಟ್ಟ ವೃತ್ತದೊಳಗೆ ಒಂದೂ ಇಲ್ಲ. ಬೀದರಿನ 18 ಡಿಗ್ರಿಯ ವೃತ್ತದಲ್ಲಿಯೂ ಇಲ್ಲ. ಇಲ್ಲಿ ಅವು ಈಶಾನ್ಯದಲ್ಲಿ ಹುಟ್ಟುತ್ತವೆ, ಉತ್ತರದಲ್ಲಿ ಮೇಲೇರುತ್ತವೆ, ವಾಯವ್ಯದಲ್ಲಿ ಮುಳುಗುತ್ತವೆ. ಇಪ್ಪತ್ನಾಲ್ಕು ಗಂಟೆಗಳಲ್ಲಿ ಹದಿನಾಲ್ಕರಿಂದ ಹದಿನೈದೂವರೆ ಗಂಟೆ ದಿಗಂತದ ಮೇಲೆ, ಉಳಿದ ಹೊತ್ತು ಕೆಳಗೆ. 'ಸಪ್ತರ್ಷಿ ಮಂಡಲ ಸದಾ ಕಾಣುವ ನಕ್ಷತ್ರಪುಂಜ' ಎಂಬ ವಾಕ್ಯ ನಿಮ್ಮ ಟಿಪ್ಪಣಿಯಲ್ಲಿದ್ದರೆ ದಯವಿಟ್ಟು ಹೊಡೆದುಹಾಕಿ.

ಹಾಗಾದರೆ ನಾವು ಯಾವಾಗ ನೋಡಬೇಕು? ರಾತ್ರಿ ಒಂಬತ್ತನ್ನು ನಮ್ಮ ಲೆಕ್ಕದ ಹೊತ್ತಾಗಿ ಇಟ್ಟುಕೊಳ್ಳೋಣ. ಮಾರ್ಚ್ ಮಧ್ಯದಲ್ಲಿ ಸಪ್ತರ್ಷಿ ಮಂಡಲ ಈಶಾನ್ಯದಲ್ಲಿ ನೆಟ್ಟಗೆ ನಿಂತಿರುತ್ತದೆ. ಬಟ್ಟಲು ಮೇಲೆ, ಅದರ ಬಾಯಿ ಎಡಕ್ಕೆ, ಹಿಡಿ ದಿಗಂತದ ಕಡೆ ಇಳಿಬಿದ್ದಿರುತ್ತದೆ. ಇದು ಥೇಟ್ ಪ್ರಶ್ನಾರ್ಥಕ ಚಿಹ್ನೆಯಂತೆ ತೋರುತ್ತದೆ. ಮಕ್ಕಳಿಗೆ ಸೌಟಿಗಿಂತ ಈ ಚಿಹ್ನೆಯೇ ಬೇಗ ಕಣ್ಣಿಗೆ ಹೊಳೆಯುವುದನ್ನು ನಾನು ಕಂಡಿದ್ದೇನೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಅದು ಉತ್ತರದಲ್ಲಿ, ದಿಗಂತಕ್ಕೂ ನೆತ್ತಿಗೂ ಸರಿಸುಮಾರು ನಡುವೆ ಇರುತ್ತದೆ. ಆಗ ಸೌಟು ಬೋರಲು! ಬಾಯಿ ಕೆಳಕ್ಕೆ, ಹಿಡಿ ಬಲಕ್ಕೆ, ಸಾರೆಲ್ಲ ಧ್ರುವನ ತಲೆಯ ಮೇಲೆ ಸುರಿದಂತೆ. ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿದರೆ ಚಿತ್ರವೂ ಬಾನೂ ಹೊಂದುತ್ತವೆ. ಜುಲೈ ಮಧ್ಯದ ವೇಳೆಗೆ ವಾಯವ್ಯಕ್ಕೆ ವಾಲಿ ಬಟ್ಟಲು ಕೆಳಗೆ, ಹಿಡಿ ಮೇಲೆ. ಮೋಡ ಬಿಟ್ಟರೆ ನೋಡಬಹುದು. ಆಗಸ್ಟ್ ಮಧ್ಯದಲ್ಲಿ ಬಟ್ಟಲು ದಿಗಂತಕ್ಕೆ ತಾಗಿರುತ್ತದೆ. ಆಮೇಲೆ ವರ್ಷದ ಕೊನೆಯವರೆಗೂ ಒಂಬತ್ತು ಗಂಟೆಯ ಬಾನಿನಲ್ಲಿ ಅದರ ಸುಳಿವಿಲ್ಲ.

ಹಟ ಹಿಡಿದವರು ನವೆಂಬರಿನಲ್ಲಿಯೂ ನೋಡಬಹುದು, ಆದರೆ ಬೆಳಗಿನ ಜಾವ ಐದಕ್ಕೆ ಏಳಬೇಕು. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಹುಟ್ಟುತ್ತವೆ, ಅಂದರೆ ತಿಂಗಳಿಗೆ ಎರಡು ಗಂಟೆ. ಮೇ ಮಧ್ಯದಲ್ಲಿ ಒಂಬತ್ತಕ್ಕೆ ಎಲ್ಲಿರುತ್ತವೋ ಏಪ್ರಿಲ್ ಮಧ್ಯದಲ್ಲಿ ಹನ್ನೊಂದಕ್ಕೆ, ಮಾರ್ಚ್ ಮಧ್ಯದಲ್ಲಿ ರಾತ್ರಿ ಒಂದಕ್ಕೆ ಅಲ್ಲೇ ಇರುತ್ತವೆ. ಈ ಒಂದು ಲೆಕ್ಕ ಗೊತ್ತಿದ್ದರೆ ಯಾವ ತಿಂಗಳಿಗಾದರೂ ಹೊತ್ತನ್ನು ನೀವೇ ಕಂಡುಕೊಳ್ಳಬಹುದು.

ಗೇಣು, ಮುಷ್ಟಿ, ಬೆರಳು

ಮೊದಲ ಸಲ ನೋಡುವವರು ಇನ್ನೊಂದು ಕಡೆ ಎಡವುತ್ತಾರೆ. ಪುಸ್ತಕದಲ್ಲಿ ಎರಡು ಅಂಗುಲ ಇರುವ ಆಕೃತಿಯನ್ನು ಬಾನಿನಲ್ಲಿಯೂ ಪುಟ್ಟದಾಗಿಯೇ ಹುಡುಕುತ್ತಾರೆ. ಎಷ್ಟು ದೊಡ್ಡದನ್ನು ಹುಡುಕಬೇಕು ಎಂಬುದು ಗೊತ್ತಿರಬೇಕು. ಅದಕ್ಕೆ ಬೇಕಾದ ಅಳತೆಗೋಲು ನಿಮ್ಮ ಕೈಯೇ. ತೋಳನ್ನು ಪೂರ್ತಿ ಚಾಚಿ ಹಿಡಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ನಡುವಿನ ಮೂರು ಬೆರಳು ಸೇರಿ 5 ಡಿಗ್ರಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಅಗಲಿಸಿದ ಗೇಣು 20 ಡಿಗ್ರಿಗೆ ತುಸು ಹೆಚ್ಚು. ಮಕ್ಕಳ ಕೈ ಚಿಕ್ಕದಲ್ಲವೇ ಎಂದರೆ, ಅವರ ತೋಳೂ ಅಷ್ಟೇ ಗಿಡ್ಡ. ಕೋನ ಹೆಚ್ಚುಕಡಿಮೆ ಅದೇ ಬರುತ್ತದೆ. ಸಪ್ತರ್ಷಿ ಮಂಡಲದ ಒಂದು ತುದಿಯ ಕ್ರತುವಿನಿಂದ ಇನ್ನೊಂದು ತುದಿಯ ಮರೀಚಿಗೆ ಸುಮಾರು 26 ಡಿಗ್ರಿ, ಅಂದರೆ ಒಂದು ಗೇಣು ಮತ್ತು ಮೂರು ಬೆರಳು. ಬಟ್ಟಲಿನ ತೆರೆದ ಬಾಯಿಯ ಅಗಲ ಒಂದು ಮುಷ್ಟಿ, ಆಳ ಮೂರು ಬೆರಳು. ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ ಎಂಬುದನ್ನು ನೆನಪಿಸಿಕೊಂಡರೆ ಈ ಆಕೃತಿ ಎಷ್ಟು ವಿಶಾಲವಾದದ್ದು ಎಂಬುದು ಅರಿವಾಗುತ್ತದೆ.

ಹೆಸರುಗಳನ್ನು ಬಟ್ಟಲಿನ ತುದಿಯಿಂದ ಹಿಡಿಯ ತುದಿಗೆ ಹೀಗೆ ಹೇಳುತ್ತಾರೆ: ಕ್ರತು, ಪುಲಹ, ಪುಲಸ್ತ್ಯ, ಅತ್ರಿ – ಇವು ಬಟ್ಟಲಿನ ನಾಲ್ಕು ಮೂಲೆಗಳು. ಆಂಗಿರಸ, ವಸಿಷ್ಠ, ಮರೀಚಿ – ಇವು ಹಿಡಿ. ಪಾಶ್ಚಾತ್ಯ ಪಟ್ಟಿಗಳಲ್ಲಿ ಇವೇ ಕ್ರಮವಾಗಿ ಡೂಭೆ, ಮೆರಾಕ್, ಫೆಕ್ಡ, ಮೆಗ್ರೆಜ಼್, ಆಲಿಯೋತ್, ಮಿಜ಼ಾರ್, ಆಲ್ಕೈಡ್. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಪೂರ್ವದ ತುದಿಯ ಮರೀಚಿಯಿಂದ ಆರಂಭಿಸಿ ಇದೇ ಸಾಲನ್ನು ಹಿಂದುಮುಂದಾಗಿ ಕೊಡುತ್ತಾನೆ. ಇನ್ನೂ ಹಳೆಯದಾದ ಶತಪಥ ಬ್ರಾಹ್ಮಣದಲ್ಲಿ ಸಪ್ತರ್ಷಿಗಳನ್ನು ಹಿಂದೆ 'ಋಕ್ಷ' ಎಂದು ಕರೆಯುತ್ತಿದ್ದರು ಎಂಬ ಮಾತಿದೆ. ಋಕ್ಷ ಎಂದರೆ ಕರಡಿ. ಗ್ರೀಕರಿಗೂ ಈ ಭಾಗ ಕರಡಿಯೇ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಪ್ಪಿರುವ 88 ನಕ್ಷತ್ರಪುಂಜಗಳಲ್ಲಿ ಒಂದಾದ 'ದೊಡ್ಡ ಕರಡಿ', ಅಂದರೆ ಅರ್ಸಾ ಮೇಜರ್, ಈ ಏಳಕ್ಕಿಂತ ಬಹಳ ವಿಸ್ತಾರವಾದದ್ದು. ಸಪ್ತರ್ಷಿಗಳು ಅದರ ಒಂದು ಭಾಗ ಮಾತ್ರ, ಬೆನ್ನು ಮತ್ತು ಬಾಲ. ಸಪ್ತರ್ಷಿ ಮಂಡಲ ಮತ್ತು ಅರ್ಸಾ ಮೇಜರ್ ಎರಡೂ ಒಂದೇ ಎಂದು ಬರೆಯುವುದು ಅಷ್ಟು ಸರಿಯಲ್ಲ.

ಏಳರಲ್ಲಿ ಆರು ನಕ್ಷತ್ರಗಳು ಬಹುಮಟ್ಟಿಗೆ ಒಂದೇ ಪ್ರಕಾಶದವು. ನಕ್ಷತ್ರದ ಪ್ರಕಾಶವನ್ನು ಉಜ್ಜ್ವಲಾಂಕದಲ್ಲಿ ಹೇಳುತ್ತಾರೆ. ಅಂಕ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಆಂಗಿರಸ 1.8, ಕ್ರತುವೂ 1.8, ಮರೀಚಿ 1.9, ವಸಿಷ್ಠ 2.0, ಪುಲಹ ಮತ್ತು ಪುಲಸ್ತ್ಯ ಸುಮಾರು 2.4. ಬಟ್ಟಲಿಗೆ ಹಿಡಿ ಕೂಡುವ ಜಾಗದ ಅತ್ರಿ ಮಾತ್ರ 3.3, ಆಂಗಿರಸನ ನಾಲ್ಕನೆಯ ಒಂದು ಪಾಲಿನಷ್ಟು ಬೆಳಕು. ಊರಿನ ಬಾನು ಎಷ್ಟು ಕೆಟ್ಟಿದೆ ಎಂದು ತಿಳಿಯಲು ಅತ್ರಿ ಒಳ್ಳೆಯ ಒರೆಗಲ್ಲು. ಬೀದಿ ದೀಪಗಳ ನಡುವೆ ನಿಂತು ನೋಡಿದರೆ ಸಪ್ತರ್ಷಿಗಳು ಷಡೃಷಿಗಳಾಗಿಬಿಟ್ಟಿರುತ್ತಾರೆ. ಆಗ ಸೌಟಿನ ಬೆಸುಗೆಯೇ ಬಿಟ್ಟುಹೋಗಿ ಆಕೃತಿ ಗುರುತಿಗೆ ಸಿಗುವುದಿಲ್ಲ. ಕತ್ತಲಲ್ಲಿ ಹತ್ತು ಹದಿನೈದು ನಿಮಿಷವಾದರೂ ಕಣ್ಣನ್ನು ಪಳಗಿಸಿ, ಮೊಬೈಲಿನ ಪರದೆಯನ್ನು ನೋಡದೆ, ಆಮೇಲೆ ಹುಡುಕಿ.

ಧ್ರುವನ ಪರೀಕ್ಷೆ

ಪುಲಹನಿಂದ ಕ್ರತುವಿಗೆ ಗೆರೆ ಎಳೆದು ಅದೇ ದಿಕ್ಕಿನಲ್ಲಿ ಮುಂದುವರಿಯಿರಿ. ಅವೆರಡರ ನಡುವಿನ ಅಂತರ 5.4 ಡಿಗ್ರಿ. ಕ್ರತುವಿನಿಂದ ಧ್ರುವಕ್ಕೆ ಸುಮಾರು 29 ಡಿಗ್ರಿ, ಅಂದರೆ ಐದು ಪಟ್ಟಿಗೆ ಸ್ವಲ್ಪ ಹೆಚ್ಚು. ಮೂರು ಮುಷ್ಟಿ ಎಂದಿಟ್ಟುಕೊಳ್ಳಿ. ಏಪ್ರಿಲ್ ಕೊನೆಯಲ್ಲಿ ಒಂಬತ್ತು ಗಂಟೆಗೆ ನೋಡಿದರೆ ಈ ಕೆಲಸ ಬಹು ಸುಲಭ. ಆಗ ಪುಲಹ ಮೇಲೆ, ಕ್ರತು ಅದರ ನೇರ ಕೆಳಗೆ ಇರುತ್ತದೆ. ಗೆರೆ ತೂಗುಗುಂಡಿನ ದಾರದಂತೆ ಧ್ರುವದ ಮೇಲೆ ಇಳಿಯುತ್ತದೆ.

ಅಲ್ಲಿ ಸಿಗುವುದು ಒಂದು ಸಾಧಾರಣ ನಕ್ಷತ್ರ. ಉಜ್ಜ್ವಲಾಂಕ ಸುಮಾರು 2. ಆಕಾಶದ ನಕ್ಷತ್ರಗಳನ್ನು ಪ್ರಕಾಶದ ಕ್ರಮದಲ್ಲಿ ನಿಲ್ಲಿಸಿದರೆ ಅದರ ಸ್ಥಾನ ಐವತ್ತರ ಆಸುಪಾಸಿನಲ್ಲಿ. ಬೆಂಗಳೂರು, ಮಂಗಳೂರುಗಳಲ್ಲಿ ಅದು ದಿಗಂತದಿಂದ 13 ಡಿಗ್ರಿ ಮಾತ್ರ ಮೇಲೆ, ಒಂದು ಮುಷ್ಟಿ ಮತ್ತು ಎರಡು ಬೆರಳು. ಪಕ್ಕದ ಮನೆಯ ಮಹಡಿ, ಒಂದು ಮಾವಿನ ಮರ, ದಿಗಂತದ ಧೂಳು ಇವುಗಳಲ್ಲಿ ಯಾವುದಾದರೂ ಸಾಕು ಅದನ್ನು ಮರೆಮಾಡಲು. ಧ್ರುವನ ಕಥೆಯನ್ನು ಬಾಲ್ಯದಿಂದ ಕೇಳಿದ, ಆದರೆ ಧ್ರುವವನ್ನು ಒಮ್ಮೆಯೂ ನೋಡದ ಜನ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಹೆಚ್ಚು ಇದ್ದರೆ ಆಶ್ಚರ್ಯವೇನಿಲ್ಲ.

ಸಿಕ್ಕಿದ ನಕ್ಷತ್ರ ಧ್ರುವವೇ ಹೌದೇ ಎಂದು ಪರೀಕ್ಷಿಸುವ ವಿಧಾನವನ್ನು ನನಗೆ ಕಲಿಸಿದ್ದು ಆ ಹುಡುಗಿಯ ತೆಂಗಿನ ಮರ. ಒಂದು ಕಡೆ ಗುರುತು ಮಾಡಿ ಕುಳಿತುಕೊಳ್ಳಿ. ಧ್ವಜದ ಕಂಬವನ್ನೋ ಕಿಟಕಿಯ ಸರಳನ್ನೋ ನಕ್ಷತ್ರಕ್ಕೆ ತಾಗಿಸಿ ನೋಡಿ. ಒಂದು ಗಂಟೆ ಬಿಟ್ಟು ಅದೇ ಜಾಗದಲ್ಲಿ ಕುಳಿತು ಮತ್ತೆ ನೋಡಿ. ಸಪ್ತರ್ಷಿಗಳು ಧ್ರುವಬಿಂದುವಿನ ಸುತ್ತ 15 ಡಿಗ್ರಿ ತಿರುಗಿರುತ್ತವೆ, ಧ್ರುವ ಇದ್ದಲ್ಲೇ ಇರುತ್ತದೆ. ಕರಾರುವಾಕ್ಕಾಗಿ ಹೇಳಬೇಕೆಂದರೆ ಅದೂ ಇದ್ದಲ್ಲೇ ಇರುವುದಿಲ್ಲ. ಧ್ರುವಬಿಂದುವಿನಿಂದ ಸುಮಾರು 0.6 ಡಿಗ್ರಿ ದೂರದಲ್ಲಿದ್ದು ಅದೂ ಒಂದು ಪುಟ್ಟ ವೃತ್ತವನ್ನು ಬರೆಯುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಈ ದೂರ ಇನ್ನೂ ಕಡಿಮೆಯಾಗುತ್ತ ಹೋಗಿ 2100ರ ಸುಮಾರಿಗೆ ಅತಿ ಕಡಿಮೆಯಾಗುತ್ತದೆ, ಆಮೇಲೆ ಹೆಚ್ಚುತ್ತದೆ.

ಶಿಕ್ಷಕರು ಇಲ್ಲಿ ಒಂದು ಪ್ರಯೋಗ ಮಾಡಿಸಬಹುದು. ದೊಡ್ಡ ಕೋನಮಾಪಕದ ನೇರ ಅಂಚಿಗೆ ಎಳನೀರಿನ ಸ್ಟ್ರಾ ಅಂಟಿಸಿ, ಕೇಂದ್ರದಿಂದ ದಾರದಲ್ಲಿ ಒಂದು ಭಾರದ ನಟ್ಟು ಇಳಿಬಿಡಿ. ಸ್ಟ್ರಾದ ಮೂಲಕ ಧ್ರುವವನ್ನು ನೋಡುವಾಗ ದಾರ 90 ಡಿಗ್ರಿಯ ಗುರುತಿನಿಂದ ಎಷ್ಟು ಸರಿದಿದೆಯೋ ಅದೇ ಧ್ರುವದ ಉನ್ನತಿ, ನಿಮ್ಮ ಊರಿನ ಅಕ್ಷಾಂಶ. ಚಾಮರಾಜನಗರದ ಒಂದು ಶಾಲೆ ಮತ್ತು ಬೀದರಿನ ಒಂದು ಶಾಲೆ ಒಪ್ಪಂದ ಮಾಡಿಕೊಂಡು ಅಳೆದರೆ ವ್ಯತ್ಯಾಸ 6 ಡಿಗ್ರಿ ಬರಬೇಕು. ನಕ್ಷೆಯಲ್ಲಿ ದಕ್ಷಿಣೋತ್ತರವಾಗಿ ಇವೆರಡರ ನಡುವೆ ಸುಮಾರು 665 ಕಿಲೋಮೀಟರ್ ದೂರ. ರಸ್ತೆಯ ದೂರವನ್ನು ತೆಗೆದುಕೊಳ್ಳಬೇಡಿ, ಅದು ಡೊಂಕು. 6 ಡಿಗ್ರಿಗೆ 665 ಆದರೆ 360ಕ್ಕೆ ಎಷ್ಟು? 39,900 ಕಿಲೋಮೀಟರ್, ಭೂಮಿಯ ಸುತ್ತಳತೆ! ಇದು ಲೆಕ್ಕದ ಉತ್ತರ. ಮಕ್ಕಳ ಅಳತೆಯಲ್ಲಿ ಅಷ್ಟು ಚೊಕ್ಕವಾಗಿ ಬರುವುದಿಲ್ಲ. ವ್ಯತ್ಯಾಸದಲ್ಲಿ ಒಂದು ಡಿಗ್ರಿ ತಪ್ಪಿ 5 ಎಂದು ಬಂದರೂ ಸುತ್ತಳತೆ 48,000ಕ್ಕೆ ಹಾರುತ್ತದೆ. ಹಾಗೆ ಬಂದರೆ ತಿದ್ದಬೇಡಿ. ಹತ್ತು ಮಕ್ಕಳು ಹತ್ತು ಸಲ ಅಳೆದು ಸರಾಸರಿ ತೆಗೆದರೆ ತಪ್ಪು ಎಷ್ಟು ಕುಗ್ಗುತ್ತದೆ ಎಂಬುದನ್ನು ಅವರೇ ನೋಡಲಿ. ಧ್ರುವದ ಆ 0.6 ಡಿಗ್ರಿಯ ಅಲೆದಾಟವೂ, ಎರಡೂ ಊರಿನಲ್ಲಿ ಒಂದೇ ದಿನ ಒಂದೇ ಹೊತ್ತಿಗೆ ಅಳೆದರೆ, ಬಹುಪಾಲು ಕಳೆದುಹೋಗುತ್ತದೆ.

ವಸಿಷ್ಠ, ಅರುಂಧತಿ ಮತ್ತು ಇನ್ನೂ ನಾಲ್ವರು

ಹಿಡಿಯ ನಡುವಿನ ನಕ್ಷತ್ರ ವಸಿಷ್ಠ. ಅದನ್ನು ದಿಟ್ಟಿಸಿ ನೋಡಿದರೆ ಪಕ್ಕದಲ್ಲೇ ಒಂದು ಸಣ್ಣ ಚುಕ್ಕೆ ಕಾಣಿಸುತ್ತದೆ, ಅದೇ ಅರುಂಧತಿ. ಮದುವೆಯಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಪದ್ಧತಿ ನಮ್ಮಲ್ಲಿ ಇದೆ. ಈಗ ಅದು ನಡೆಯುವ ಬಗೆ ನೋಡಿದರೆ ನಗು ಬರುತ್ತದೆ. ಮಟ ಮಟ ಮಧ್ಯಾಹ್ನ ಕಲ್ಯಾಣಮಂಟಪದ ಬಾಗಿಲಿಗೆ ಬಂದು ಪುರೋಹಿತರು ಬೆರಳು ತೋರಿಸುತ್ತಾರೆ, ದಂಪತಿಗಳು ತಲೆಯಾಡಿಸುತ್ತಾರೆ! ಕಾರ್ತಿಕ, ಮಾರ್ಗಶಿರಗಳ ಲಗ್ನವಾದರೆ ರಾತ್ರಿ ಕಾದರೂ ಪ್ರಯೋಜನವಿಲ್ಲ. ನವೆಂಬರ್ ಕೊನೆಯ ಭಾಗದಲ್ಲಿ ವಸಿಷ್ಠ ಹುಟ್ಟುವುದೇ ರಾತ್ರಿ ಎರಡರ ಮೇಲೆ. ವೈಶಾಖದ ಮದುವೆಯವರು ಅದೃಷ್ಟವಂತರು, ಊಟ ಮುಗಿಸಿ ಅಂಗಳಕ್ಕೆ ಬಂದರೆ ಎದುರಿಗೇ ಇರುತ್ತದೆ.

ತರ್ಕಶಾಸ್ತ್ರದಲ್ಲಿ 'ಅರುಂಧತೀ ನ್ಯಾಯ' ಎಂಬ ಮಾತಿದೆ. ಸೂಕ್ಷ್ಮವಾದುದನ್ನು ನೇರವಾಗಿ ತೋರಿಸದೆ, ಮೊದಲು ಅದರ ಹತ್ತಿರದ ಎದ್ದು ಕಾಣುವ ವಸ್ತುವನ್ನು ತೋರಿಸಿ, ಅಲ್ಲಿಂದ ಹಂತಹಂತವಾಗಿ ಕರೆದೊಯ್ಯುವುದು. ನಕ್ಷತ್ರ ತೋರಿಸುವ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಮೊದಲು ಮನೆಯ ಮೂಲೆ, ಅದರ ಮೇಲಿನ ಬಟ್ಟಲು, ಆಮೇಲೆ ಹಿಡಿ, ಹಿಡಿಯ ನಡುವೆ ವಸಿಷ್ಠ, ಕೊನೆಗೆ ಅರುಂಧತಿ.

ಇವೆರಡರ ನಡುವಿನ ಅಂತರ 12 ಕಲೆ, ಚಂದ್ರನ ಅಗಲದ ಮೂರರಲ್ಲೊಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಸಾಮಾನ್ಯ ಕಣ್ಣು ಒಂದೆರಡು ಕಲೆಗಳ ಅಂತರವನ್ನೇ ಬಿಡಿಸಿ ನೋಡಬಲ್ಲದು. ಆದ್ದರಿಂದ ಇದು ಕಣ್ಣಿನ ಮಹಾಪರೀಕ್ಷೆಯೇನಲ್ಲ. ಕಾಣದೆ ಹೋದರೆ ಅರುಂಧತಿಯ ಮಂಕು (ಉಜ್ಜ್ವಲಾಂಕ 4) ಮತ್ತು ಊರಿನ ಬೆಳಕು ಕಾರಣವಿರಬಹುದು, ಕನ್ನಡಕದ ನಂಬರು ಬದಲಾಗಿರುವುದೂ ಕಾರಣವಿರಬಹುದು. ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಕರಿಹಲಗೆ ಸರಿಯಾಗಿ ಕಾಣುತ್ತಿಲ್ಲವೆಂಬುದು ಹೀಗೆ ಅರುಂಧತಿಯನ್ನು ಹುಡುಕುವಾಗ ತಿಳಿದದ್ದುಂಟು.

ಸಾಧಾರಣ ದೂರದರ್ಶಕದಲ್ಲಿ ನೋಡಿದರೆ ವಸಿಷ್ಠವೇ ಎರಡಾಗಿ ಒಡೆಯುತ್ತದೆ; ನಡುವೆ 14 ವಿಕಲೆಗಳ ಅಂತರ. 1617ರಲ್ಲಿ ಗೆಲಿಲಿಯೋನ ಶಿಷ್ಯ ಬೆನೆಡೆಟ್ಟೋ ಕಾಸ್ಟೆಲ್ಲಿ ಇದನ್ನು ಗಮನಿಸಿ ಗುರುವಿಗೆ ತಿಳಿಸಿದ್ದ. 1889ರಲ್ಲಿ ಎಡ್ವರ್ಡ್ ಪಿಕರಿಂಗ್ ಇನ್ನೊಂದು ಅಚ್ಚರಿಯನ್ನು ಪ್ರಕಟಿಸಿದ. ಈ ಎರಡರಲ್ಲಿ ಹೆಚ್ಚು ಪ್ರಕಾಶದ ನಕ್ಷತ್ರದ ರೋಹಿತದಲ್ಲಿನ ಗೆರೆಗಳು ಕೆಲವು ರಾತ್ರಿ ಒಂಟಿಯಾಗಿಯೂ ಕೆಲವು ರಾತ್ರಿ ಜೋಡಿಯಾಗಿಯೂ ಕಾಣುತ್ತಿದ್ದವು. ಅಂದರೆ ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. ಒಂದು ನಮ್ಮ ಕಡೆಗೆ ಬರುವಾಗ ಇನ್ನೊಂದು ದೂರ ಸರಿಯುವುದರಿಂದ ಡಾಪ್ಲರ್ ಪರಿಣಾಮದಿಂದಾಗಿ ಗೆರೆ ಒಡೆಯುತ್ತದೆ. ಸುತ್ತಿನ ಅವಧಿ ಇಪ್ಪತ್ತೂವರೆ ದಿನ. ಯಾವ ದೂರದರ್ಶಕದ ಕಣ್ಣಿಗೂ ಅಂದು ಒಡೆಯದ ಜೋಡಿಯನ್ನು ರೋಹಿತದಿಂದಲೇ ಕಂಡುಹಿಡಿದ ಮೊದಲ ಪ್ರಸಂಗ ಇದು. ಜೊತೆಗಾತಿ ನಕ್ಷತ್ರವೂ ಇದೇ ರೀತಿ ಜೋಡಿ ಎಂಬುದು ಆಮೇಲೆ ತಿಳಿಯಿತು. ಒಂಟಿ ಎಂದುಕೊಂಡಿದ್ದ ಅರುಂಧತಿಗೂ ಒಂದು ಕೆಂಪು ಕುಬ್ಜ ನಕ್ಷತ್ರ ಜೊತೆಗಿದೆ ಎಂದು 2009ರಲ್ಲಿ ಪತ್ತೆಯಾಯಿತು. ವಸಿಷ್ಠನ ನಾಲ್ಕು, ಅರುಂಧತಿಯ ಎರಡು – ಕಣ್ಣಿಗೆ ಒಂದೋ ಎರಡೋ ಆಗಿ ತೋರುವ ಚುಕ್ಕೆಯಲ್ಲಿ ಆರು ನಕ್ಷತ್ರಗಳಿವೆ.

ಒಂದು ಆಕೃತಿಯಲ್ಲಿ ಕಾಣುವ ನಕ್ಷತ್ರಗಳಿಗೆ ಪರಸ್ಪರ ಸಂಬಂಧ ಇರಬೇಕಾಗಿಲ್ಲ, ಅದು ನಮ್ಮ ನೋಟದ ಕೋನದಿಂದ ಆದದ್ದು ಎಂದು ಪಾಠದಲ್ಲಿ ಹೇಳುತ್ತೇವೆ. ಹೆಚ್ಚಿನ ನಕ್ಷತ್ರಪುಂಜಗಳಿಗೆ ಈ ಮಾತು ನಿಜ. ಸಪ್ತರ್ಷಿ ಮಂಡಲ ಅದಕ್ಕೆ ಅರ್ಧ ಅಪವಾದ. ಪುಲಹ, ಪುಲಸ್ತ್ಯ, ಅತ್ರಿ, ಆಂಗಿರಸ, ವಸಿಷ್ಠ – ನಡುವಿನ ಈ ಐದೂ ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿವೆ. ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸಾಗುತ್ತಿವೆ. ಇದನ್ನು 1869ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್ ತೋರಿಸಿದ. ಒಂದೇ ಅನಿಲ ಮೋಡದಲ್ಲಿ, 40-50 ಕೋಟಿ ವರ್ಷಗಳ ಹಿಂದೆ ಹುಟ್ಟಿದ ಒಡಹುಟ್ಟುಗಳು ಇವು. ಅರುಂಧತಿಯೂ ಇದೇ ಮನೆಯವಳು. ಎರಡು ತುದಿಯ ಕ್ರತು ಮತ್ತು ಮರೀಚಿ ಮಾತ್ರ ಹೊರಗಿನವರು. ಕ್ರತು ಸುಮಾರು 123, ಮರೀಚಿ ಸುಮಾರು 104 ಜ್ಯೋತಿರ್ವರ್ಷ ದೂರದವರು, ಅವರ ದಾರಿಯೇ ಬೇರೆ. ಬಣ್ಣದಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. ಬೈನಾಕ್ಯುಲರಿನಲ್ಲಿ ನೋಡಿ, ಐವರು ಬಿಳಿ, ಕ್ರತು ಕಿತ್ತಳೆ ಛಾಯೆಯ ದೈತ್ಯ ನಕ್ಷತ್ರ, ಮರೀಚಿ ನಸುನೀಲಿ. ನಡುವಿನವರು ಒಟ್ಟಾಗಿ ಒಂದು ಕಡೆಗೂ ತುದಿಯವರು ಇನ್ನೊಂದು ಕಡೆಗೂ ನಡೆಯುತ್ತಿರುವುದರಿಂದ ಒಂದು ಲಕ್ಷ ವರ್ಷಗಳಲ್ಲಿ ಸೌಟಿನ ಬಾಯಿ ಜಗ್ಗಿ, ಹಿಡಿ ಇನ್ನಷ್ಟು ಬಾಗಿ, ಇಂದಿನ ಗುರುತು ಸಿಗದಂತೆ ಆಗುತ್ತದೆ. ನೀವು ಈಗ ನೋಡುವ ಐವರ ಬೆಳಕು ಅಲ್ಲಿಂದ ಹೊರಟದ್ದು ಭಾರತ ಸ್ವತಂತ್ರವಾದ ಕಾಲದ ಆಸುಪಾಸಿನಲ್ಲಿ.

ಹಿಡಿಯ ಬಾಗು ಹಿಡಿದು

ಸಪ್ತರ್ಷಿ ಮಂಡಲ ಒಮ್ಮೆ ಕೈವಶವಾದರೆ ಮಿಕ್ಕ ಬಾನಿಗೆ ಅದೇ ದಾರಿ ತೋರಿಸುತ್ತದೆ. ಹಿಡಿಯ ಬಾಗನ್ನು ಅದೇ ಬಾಗಿನಲ್ಲಿ ಮುಂದುವರಿಸಿ. ಮರೀಚಿಯಿಂದ ಮೂರು ಮುಷ್ಟಿ ಆಚೆ ಕಿತ್ತಳೆ ಬಣ್ಣದ ಬಹು ಪ್ರಕಾಶಮಾನವಾದ ನಕ್ಷತ್ರ ಸಿಗುತ್ತದೆ, ಅದು ಸ್ವಾತಿ. ಇನ್ನೂ ಮೂರು ಮುಷ್ಟಿಗೆ ಸ್ವಲ್ಪ ಹೆಚ್ಚು ಹೋದರೆ ನೀಲಿ ಬಿಳುಪಿನ ಚಿತ್ತೆ. ನಮ್ಮ ರೈತರಿಗೆ ಈ ಎರಡೂ ಮಳೆಯ ಹೆಸರುಗಳು. ಆದರೆ ಚಿತ್ತೆ ಮಳೆಯ ದಿನಗಳಲ್ಲಿ, ಅಂದರೆ ಅಕ್ಟೋಬರ್ ಮಧ್ಯದಲ್ಲಿ, ಚಿತ್ತೆ ನಕ್ಷತ್ರವನ್ನು ಹುಡುಕಿ ಪ್ರಯೋಜನವಿಲ್ಲ. ಮಳೆಗೆ ಆ ಹೆಸರು ಬಂದಿರುವುದೇ ಸೂರ್ಯ ಆ ನಕ್ಷತ್ರದ ಬಳಿ ಇರುವಾಗ ಬೀಳುತ್ತದೆ ಎಂಬ ಕಾರಣಕ್ಕೆ. ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಸಪ್ತರ್ಷಿ ಮಂಡಲ ಕಾಣದ ಆ ತಿಂಗಳುಗಳ ಸಂಜೆ ಉತ್ತರವನ್ನು ತಿಳಿಯಲು ಕ್ಯಾಸಿಯೋಪಿಯ ನೆರವಾಗುತ್ತದೆ. ಕನ್ನಡದಲ್ಲಿ ಇದನ್ನು ಕುಂತಿ ಎಂದೂ ಕರೆಯುತ್ತಾರೆ. ಇಂಗ್ಲಿಷಿನ 'ಎಂ' ಅಕ್ಷರದಂತೆ ಇರುವ ಐದು ನಕ್ಷತ್ರಗಳು, ಧ್ರುವದ ಇನ್ನೊಂದು ಪಕ್ಕದಲ್ಲಿ, ಸಪ್ತರ್ಷಿಗಳಿಗೆ ಬಹುಮಟ್ಟಿಗೆ ಎದುರಾಗಿ. ಒಂದು ಮುಳುಗಿದಾಗ ಇನ್ನೊಂದು ಮೇಲಿರುತ್ತದೆ.

ಕೊನೆಯದಾಗಿ, ಲಂಡನ್ನಿನವರಿಗೆ ಇಲ್ಲದ ಒಂದು ಸೌಲಭ್ಯ ನಮಗಿದೆ. ಮೇ ಮಧ್ಯದಲ್ಲಿ, ರಾತ್ರಿ ಒಂಬತ್ತಕ್ಕೆ, ಉತ್ತರದಲ್ಲಿ ಬೋರಲು ಬಿದ್ದ ಸೌಟನ್ನು ನೋಡಿದ ಮೇಲೆ ಹಾಗೆಯೇ ಹಿಂದಕ್ಕೆ ತಿರುಗಿ. ದಕ್ಷಿಣ ದಿಗಂತದ ಬಳಿ ಗಾಳಿಪಟದಂತೆ ನಾಲ್ಕು ನಕ್ಷತ್ರಗಳು ನಿಂತಿರುತ್ತವೆ. ಅದು ತ್ರಿಶಂಕು. ಸಪ್ತರ್ಷಿ ಮಂಡಲ ಉತ್ತರದಲ್ಲಿ ಅತಿ ಎತ್ತರದಲ್ಲಿರುವ ಹೊತ್ತಿಗೇ ಇದೂ ದಕ್ಷಿಣದಲ್ಲಿ ಅತಿ ಎತ್ತರದಲ್ಲಿರುತ್ತದೆ. ತ್ರಿಶಂಕುವಿಗಾಗಿ ವಿಶ್ವಾಮಿತ್ರ ದಕ್ಷಿಣದಲ್ಲಿ ಇನ್ನೊಂದು ಸಪ್ತರ್ಷಿ ಗಣವನ್ನೇ ಸೃಷ್ಟಿಸಿದನೆಂಬ ರಾಮಾಯಣದ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಬೆಂಗಳೂರಿನಲ್ಲಿ ಗಾಳಿಪಟದ ಮೇಲ್ತುದಿ 20 ಡಿಗ್ರಿ, ಕೆಳತುದಿ 14 ಡಿಗ್ರಿ ಎತ್ತರದಲ್ಲಿರುತ್ತದೆ. ಬೀದರಿನಲ್ಲಿ ಕೆಳತುದಿ 9 ಡಿಗ್ರಿ ಮಾತ್ರ, ಒಂದು ಮುಷ್ಟಿಗಿಂತ ಕಡಿಮೆ. ಅಲ್ಲಿಯವರು ದಕ್ಷಿಣಕ್ಕೆ ಮರ, ಮಹಡಿ ಅಡ್ಡವಿಲ್ಲದ ಒಂದು ಹೊಲದ ಬದುವನ್ನು ಹಗಲಿನಲ್ಲೇ ಗೊತ್ತು ಮಾಡಿಟ್ಟುಕೊಳ್ಳಬೇಕು.